ಮುಕ್ತ ಯಂತ್ರಾಂಶ ಯೋಜನೆಗಳಲ್ಲಿ ಸ್ವಯಂಸೇವಕರಾಗಿ ತೊಡಗುವ ವಿಧಾನ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಉಪಕರಣದ ನಕ್ಷೆ, ಬಿಡಿಭಾಗಗಳ ಪಟ್ಟಿ ಮತ್ತು ಜೋಡಣೆಯ ಕ್ರಮವನ್ನು ಸಾರ್ವಜನಿಕರಿಗೆ ತೆರೆದಿಟ್ಟು, ಅನೇಕರು ಕೂಡಿ ಅದನ್ನು ರೂಪಿಸುವ ಪದ್ಧತಿಗೆ ಮುಕ್ತ ಯಂತ್ರಾಂಶ ಎಂದು ಹೆಸರು. ಓಪನ್ ಸೋರ್ಸ್ ಹಾರ್ಡ್‌ವೇರ್ ಎಂಬ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಇಂತಹ ಯೋಜನೆಗಳಲ್ಲಿ ಪಾಲ್ಗೊಳ್ಳಲು ಇಚ್ಛಿಸುವ ವಿದ್ಯಾರ್ಥಿಗಳು, ಕೃಷಿಕರು, ದುರಸ್ತಿ ಕೆಲಸಗಾರರು ಹಾಗೂ ಇತರ ನಾಗರಿಕರು ಎಲ್ಲಿಂದ ಆರಂಭಿಸಬೇಕು, ಯಾವ ಎಚ್ಚರಿಕೆಗಳನ್ನು ವಹಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅವಶ್ಯಕ. ಹೊಸ ಉಪಕರಣವನ್ನು ಕಂಡುಹಿಡಿಯುವುದು ಸ್ವಯಂಸೇವಕರ ಮೊದಲ ಕರ್ತವ್ಯವಲ್ಲ. ಈಗಾಗಲೇ ಇರುವ ಉಪಕರಣವನ್ನು ತಮ್ಮ ಊರಿನ ಮಳೆ, ಬಿಸಿಲು ಮತ್ತು ವಿದ್ಯುತ್ ವ್ಯತ್ಯಯಗಳ ನಡುವೆ ಪರೀಕ್ಷಿಸಿ, ಕಂಡುಬಂದುದನ್ನು ಇದ್ದುದು ಇದ್ದಂತೆ ಬರೆದು ತಿಳಿಸುವುದೇ ಅವರಿಂದ ಆಗಬೇಕಾದ ಮೊದಲ ಹಾಗೂ ಅತ್ಯಂತ ಉಪಯುಕ್ತ ಕೆಲಸ.

2. ಮುಕ್ತ ಯಂತ್ರಾಂಶ ಎಂದರೇನು?

ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ವಿದ್ಯುನ್ಮಾನ ಉಪಕರಣದ ಒಳಗಿನ ನಕ್ಷೆಯು ತಯಾರಕರ ಬಳಿಯಲ್ಲಿಯೇ ಉಳಿಯುತ್ತದೆ. ಅದು ಕೆಟ್ಟಾಗ ತಯಾರಕರನ್ನೇ ಅವಲಂಬಿಸಬೇಕಾಗುತ್ತದೆ. ಮುಕ್ತ ಯಂತ್ರಾಂಶದಲ್ಲಿ ಯಾರು ಬೇಕಾದರೂ ನಕ್ಷೆಯನ್ನು ಅಧ್ಯಯನ ಮಾಡಬಹುದು, ಬದಲಾಯಿಸಬಹುದು, ಅದರಂತೆ ಉಪಕರಣವನ್ನು ತಯಾರಿಸಬಹುದು ಮತ್ತು ಮಾರಬಹುದು. ನಕ್ಷೆಯ ಜೊತೆಗೆ ನೀಡಲಾಗಿರುವ ಪರವಾನಗಿಯ ಷರತ್ತುಗಳನ್ನು ಮಾತ್ರ ಪಾಲಿಸತಕ್ಕದ್ದು.

ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಆರಂಭವಾದ ಆರ್ಡುಯಿನೊ ಎಂಬ ಚಿಕ್ಕ ನಿಯಂತ್ರಕ ಫಲಕವು ಇದಕ್ಕೆ ಹೆಚ್ಚು ಪರಿಚಿತವಾದ ಉದಾಹರಣೆ. ಶಾಲಾ ಪ್ರಯೋಗಾಲಯಗಳಲ್ಲಿ ಇಂದು ಕಾಣುವ ಅನೇಕ ಫಲಕಗಳು ಇದೇ ನಕ್ಷೆಯನ್ನು ಆಧರಿಸಿವೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸ್ವಯಂಸೇವಕರು 2015ರಲ್ಲಿ ಆರಂಭಿಸಿದ ಗಾಳಿಯ ಧೂಳನ್ನು ಅಳೆಯುವ ಯೋಜನೆಯು ಇಂದು 'ಸೆನ್ಸರ್ ಕಮ್ಯುನಿಟಿ' ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿದೆ. ಅಮೆರಿಕದಲ್ಲಿ ರೂಪುಗೊಂಡ 'ತ್ರೀಡಿ-ಪಾಸ್' ಎಂಬ ಹವಾಮಾನ ಕೇಂದ್ರದ ಬಹುತೇಕ ಭಾಗಗಳನ್ನು ತ್ರೀಡಿ ಮುದ್ರಕದಲ್ಲಿ ಸ್ಥಳೀಯವಾಗಿ ಮುದ್ರಿಸಿಕೊಳ್ಳಬಹುದಾಗಿದ್ದು, ಆಫ್ರಿಕಾದ ಜಾಂಬಿಯಾ ಮತ್ತು ಕೀನ್ಯಾ ದೇಶಗಳಲ್ಲಿ ಅದನ್ನು ಬಳಸಲಾಗಿದೆ.

3. ಕರ್ನಾಟಕದ ಅನುಭವ: ಸಿಂಪ್ಯೂಟರ್

ಮುಕ್ತ ಯಂತ್ರಾಂಶವು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಮೂವರು ತಂತ್ರಜ್ಞರು ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಅಂಗೈಯಲ್ಲಿ ಹಿಡಿಯಬಹುದಾದ, ಭಾರತೀಯ ಭಾಷೆಗಳಲ್ಲಿ ಬಳಸಬಹುದಾದ ಅಗ್ಗದ ಗಣಕಯಂತ್ರವನ್ನು ಗ್ರಾಮೀಣ ಜನರಿಗೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಅನುಕೂಲವಾಗುವಂತೆ ಅದರಲ್ಲಿ ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯನ್ನು ಅಳವಡಿಸಲಾಗಿತ್ತು. ಮಾದರಿಯನ್ನು 2001ರಲ್ಲಿ ಪ್ರದರ್ಶಿಸಲಾಯಿತು. ಯಂತ್ರದ ನಕ್ಷೆಗಾಗಿಯೇ ಪ್ರತ್ಯೇಕ ಸಾರ್ವಜನಿಕ ಪರವಾನಗಿಯೊಂದನ್ನು ಟ್ರಸ್ಟ್ ರಚಿಸಿತು. ಮುಕ್ತ ಯಂತ್ರಾಂಶಕ್ಕೆ ಇಂದು ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪರವಾನಗಿಗಳು ಇನ್ನೂ ಹುಟ್ಟದ ಕಾಲದಲ್ಲಿ ಬೆಂಗಳೂರಿನಲ್ಲಿ ಈ ಕೆಲಸ ನಡೆದಿತ್ತು ಎಂಬುದು ಗಮನಾರ್ಹ.

ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ತಯಾರಾದ 'ಅಮಿಡಾ ಸಿಂಪ್ಯೂಟರ್' 2004ರಲ್ಲಿ ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದ ಪ್ರಮಾಣದಲ್ಲಿ ಅದು ಮಾರಾಟವಾಗಲಿಲ್ಲ. ಅದೇ ವೇಳೆಗೆ ಮೊಬೈಲ್ ದೂರವಾಣಿಗಳು ವೇಗವಾಗಿ ಹಳ್ಳಿಗಳನ್ನು ತಲುಪಿದವು.

ಈ ಅನುಭವದಿಂದ ಸ್ವಯಂಸೇವಕರು ಗಮನಿಸಬೇಕಾದ ಪಾಠವೊಂದಿದೆ. ತಂತ್ರಾಂಶವನ್ನು ಕ್ಷಣಮಾತ್ರದಲ್ಲಿ ನಕಲಿಸಿ ಬಳಸಬಹುದು. ಯಂತ್ರಾಂಶದ ನಕ್ಷೆ ಕೈಗೆ ಬಂದರೂ ಬಿಡಿಭಾಗ ಖರೀದಿಸಬೇಕು, ಬೆಸುಗೆ ಹಾಕಬೇಕು, ಪರೀಕ್ಷಿಸಬೇಕು, ಕೆಟ್ಟಾಗ ದುರಸ್ತಿ ಮಾಡಬೇಕು. ನಕ್ಷೆಯು ತೆರೆದಿದ್ದರೆ ಸಾಲದು. ಅದನ್ನು ತಯಾರಿಸಿ, ಬಳಸಿ, ಲೋಪಗಳನ್ನು ತಿಳಿಸುವ ಜನರು ಊರೂರಿನಲ್ಲಿ ಇರಬೇಕಾಗುತ್ತದೆ. ಸ್ವಯಂಸೇವಕರ ಅಗತ್ಯ ಇರುವುದು ಇಲ್ಲಿಯೇ.

4. ಈ ಮೂರು ತಾಲ್ಲೂಕುಗಳಿಗೆ ಇದರ ಪ್ರಸ್ತುತತೆ

ನೇತ್ರಾವತಿ ನದಿಯು ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಬೆಳ್ತಂಗಡಿ ತಾಲ್ಲೂಕಿನ ಮೂಲಕ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ವೇಣೂರಿನ ಮೂಲಕ ಸಾಗುವ ಫಲ್ಗುಣಿಯು ಮುಂದೆ ಗುರುಪುರ ನದಿ ಎನಿಸಿಕೊಳ್ಳುತ್ತದೆ. ಘಟ್ಟದಲ್ಲಿ ಸುರಿದ ಮಳೆಯ ಪರಿಣಾಮವನ್ನು ತಗ್ಗಿನ ಊರುಗಳು ಅನುಭವಿಸುವುದು ಇಲ್ಲಿಯ ಭೂರಚನೆಯ ಲಕ್ಷಣ. ಬಂಟ್ವಾಳ ಪೇಟೆಯನ್ನು ಮುಳುಗಿಸಿದ 1923 ಮತ್ತು 1974ರ ನೆರೆಗಳನ್ನು ಹಿರಿಯರು ಇಂದಿಗೂ ಉಲ್ಲೇಖಿಸುತ್ತಾರೆ. 2019ರ ಆಗಸ್ಟ್ ತಿಂಗಳಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ದಿಡುಪೆ, ಕುಕ್ಕಾವು ಮುಂತಾದ ಪ್ರದೇಶಗಳಲ್ಲಿ ಹಳ್ಳಗಳು ಉಕ್ಕಿ ಹರಿದು ಮನೆ, ತೋಟ ಹಾಗೂ ಸೇತುವೆಗಳಿಗೆ ಹಾನಿ ಉಂಟಾಯಿತು.

ಮಳೆಯನ್ನು ಅಳೆಯುವ ಅಧಿಕೃತ ವ್ಯವಸ್ಥೆ ಜಾರಿಯಲ್ಲಿದೆ. ಭಾರತ ಹವಾಮಾನ ಇಲಾಖೆಯ ಕೇಂದ್ರಗಳಲ್ಲದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಇವುಗಳ ಜೊತೆಗೆ, ತಮ್ಮ ಮನೆಯಲ್ಲಿಯೇ ಮಳೆಮಾಪಕ ಇಟ್ಟುಕೊಂಡು ಪ್ರತಿದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ಅಡಿಕೆ ಕೃಷಿಕರು ಜಿಲ್ಲೆಯಲ್ಲಿ ಹಲವರಿದ್ದಾರೆ. ಗುಡ್ಡದ ಈ ಬದಿಯಲ್ಲಿ ಸುರಿದ ಮಳೆ ಆ ಬದಿಯಲ್ಲಿ ಇಲ್ಲದಿರುವುದು ಇಲ್ಲಿ ಸಾಮಾನ್ಯವಾದುದರಿಂದ ಇಂತಹ ದಾಖಲೆಗಳಿಗೆ ಬೆಲೆಯಿದೆ.

ಆದುದರಿಂದ ಈ ಭಾಗದ ಹೊಸ ಸ್ವಯಂಸೇವಕರಿಗೆ ಮುಕ್ತ ನಕ್ಷೆಯ ಮಳೆಮಾಪಕವು ಸೂಕ್ತವಾದ ಮೊದಲ ಉಪಕರಣ. ಅದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ, ಅಪಾಯ ಕಡಿಮೆ, ಅಳತೆ ಸರಿಯೇ ತಪ್ಪೇ ಎಂಬುದನ್ನು ಒಂದು ಅಳತೆಪಾತ್ರೆಯಿಂದ ಮನೆಯಲ್ಲಿಯೇ ಪರಿಶೀಲಿಸಬಹುದು.

5. ಅರ್ಹತೆ, ಶುಲ್ಕ ಮತ್ತು ಅರ್ಜಿ

ಅ) ಮುಕ್ತ ಯಂತ್ರಾಂಶ ಯೋಜನೆಗಳಲ್ಲಿ ಪಾಲ್ಗೊಳ್ಳಲು ವಿದ್ಯಾರ್ಹತೆಯ ನಿರ್ಬಂಧವಿರುವುದಿಲ್ಲ. ಯಾವುದೇ ಸರ್ಕಾರಿ ಅರ್ಜಿ ನಮೂನೆಯನ್ನು ಭರ್ತಿ ಮಾಡುವ ಅಗತ್ಯವಿಲ್ಲ.

ಆ) ಯೋಜನೆಯ ನಕ್ಷೆಗಳನ್ನು ನೋಡಲು ಅಥವಾ ಕೆಲಸ ಸಲ್ಲಿಸಲು ಶುಲ್ಕ ಕೊಡಬೇಕಾಗಿಲ್ಲ. ಸ್ವಯಂಸೇವಕರ ನೋಂದಣಿ, ಗುರುತಿನ ಚೀಟಿ ಅಥವಾ ಉದ್ಯೋಗದ ಭರವಸೆಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ಕೊಡಬಾರದು.

ಇ) 18 ವರ್ಷ ತುಂಬದ ವಿದ್ಯಾರ್ಥಿಗಳು ಬೆಸುಗೆ ಮತ್ತು ಬ್ಯಾಟರಿಯ ಕೆಲಸವನ್ನು ಪಾಲಕರ ಅಥವಾ ಶಿಕ್ಷಕರ ಸಮ್ಮುಖದಲ್ಲಿ ಮಾತ್ರ ಮಾಡತಕ್ಕದ್ದು.

ಈ) ಬೆಸುಗೆ ಹಾಕಲು ಬಾರದವರಿಗೂ ಅವಕಾಶವಿದೆ. ಕೈಪಿಡಿಯನ್ನು ಕನ್ನಡಕ್ಕೆ ತರುವುದು, ಜೋಡಣೆಯ ಹಂತಗಳ ಛಾಯಾಚಿತ್ರ ತೆಗೆಯುವುದು, ಪ್ರತಿದಿನದ ಅಳತೆ ಬರೆಯುವುದು, ಬಿಡಿಭಾಗಗಳ ಪಟ್ಟಿಯನ್ನು ತಾಳೆ ನೋಡುವುದು ಇವೆಲ್ಲವೂ ಯೋಜನೆಯ ಕೆಲಸಗಳೇ ಆಗಿವೆ.

6. ಪ್ರಾರಂಭಿಸುವ ಹಂತಗಳು

ಹಂತ 1: ಯೋಜನೆಯನ್ನು ಆರಿಸಿಕೊಳ್ಳುವುದು. ಯೋಜನೆಯೊಂದನ್ನು ಆರಿಸುವ ಮೊದಲು ನಾಲ್ಕು ಅಂಶಗಳನ್ನು ಪರಿಶೀಲಿಸತಕ್ಕದ್ದು: ಪರವಾನಗಿಯನ್ನು ಸ್ಪಷ್ಟವಾಗಿ ನಮೂದಿಸಲಾಗಿದೆಯೇ, ನಕ್ಷೆಯ ಮೂಲ ಕಡತಗಳು ಲಭ್ಯವಿವೆಯೇ ಅಥವಾ ಕೇವಲ ಚಿತ್ರಗಳಿವೆಯೇ, ಕಳೆದ ಕೆಲವು ತಿಂಗಳುಗಳಲ್ಲಿ ಯಾರಾದರೂ ಕೆಲಸ ಮಾಡಿದ್ದಾರೆಯೇ, ಹಿಂದೆ ದೋಷ ವರದಿ ಮಾಡಿದವರಿಗೆ ಉತ್ತರ ದೊರೆತಿದೆಯೇ. ಚಿತ್ರ ಮಾತ್ರ ಕೊಟ್ಟು ಮೂಲ ಕಡತ ಕೊಡದಿದ್ದಲ್ಲಿ ಅದನ್ನು ಮುಕ್ತ ಯಂತ್ರಾಂಶವೆಂದು ಪರಿಗಣಿಸಲಾಗದು.

ಹಂತ 2: ಕೈಪಿಡಿಯನ್ನು ಪೂರ್ಣವಾಗಿ ಓದುವುದು. ಅರ್ಥವಾಗದ ವಾಕ್ಯಗಳನ್ನು ಗುರುತು ಮಾಡಿಕೊಳ್ಳಬೇಕು. ಹೊಸಬರಿಗೆ ಅರ್ಥವಾಗದ ವಾಕ್ಯವು ಕೈಪಿಡಿಯ ಲೋಪವೇ ಹೊರತು ಓದುವವರ ಲೋಪವಲ್ಲ. ಈ ಗುರುತುಗಳೇ ಮುಂದೆ ಸ್ವಯಂಸೇವಕರ ಮೊದಲ ಕೊಡುಗೆಯಾಗುತ್ತವೆ. ಅಭ್ಯಾಸವಾದ ಮೇಲೆ ಇಂತಹ ಲೋಪಗಳು ಕಣ್ಣಿಗೆ ಬೀಳುವುದಿಲ್ಲವಾದುದರಿಂದ ಮೊದಲ ಓದಿನಲ್ಲಿಯೇ ಬರೆದಿಡುವುದು ಸೂಕ್ತ.

ಹಂತ 3: ಮೂಲ ಕಲಿಕೆ. ಸರ್ಕ್ಯೂಟ್ ನಕ್ಷೆ ಓದುವುದು, ಮಲ್ಟಿಮೀಟರ್ ಬಳಕೆ ಮತ್ತು ಬೆಸುಗೆ ಈ ಮೂರು ಮೊದಲಿಗೆ ಸಾಕು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ಆರ್ಡುಯಿನೊ ಹಾಗೂ ಕೈಕ್ಯಾಡ್ ಕುರಿತ ಪಾಠಗಳನ್ನು ಉಚಿತವಾಗಿ ಒದಗಿಸುತ್ತದೆ. ಕೈಕ್ಯಾಡ್ ಎಂಬುದು ಸರ್ಕ್ಯೂಟ್ ಫಲಕಗಳ ನಕ್ಷೆ ಬರೆಯಲು ಬಳಸುವ ಉಚಿತ ತಂತ್ರಾಂಶ. 1992ರಲ್ಲಿ ಆರಂಭವಾದ ಇದಕ್ಕೆ ಮುಂದೆ ಯುರೋಪಿನ ಸರ್ನ್ ಸಂಶೋಧನಾ ಕೇಂದ್ರವೂ ನೆರವು ನೀಡಿತು. ಅದೇ ತಂತ್ರಜ್ಞಾನ ಸಂಸ್ಥೆಯ 'ಫೋಸಿ' ಯೋಜನೆಯಡಿ ರೂಪುಗೊಂಡ 'ಇ-ಸಿಮ್' ತಂತ್ರಾಂಶದಲ್ಲಿ ಸರ್ಕ್ಯೂಟನ್ನು ಬೆಸುಗೆ ಹಾಕುವ ಮೊದಲೇ ಗಣಕದಲ್ಲಿ ಪರೀಕ್ಷಿಸಬಹುದು.

ಹಂತ 4: ಸ್ಥಳ ಮತ್ತು ಸಲಕರಣೆ. ಮನೆಯಲ್ಲಿ ಗಣಕಯಂತ್ರ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಗಣಕ ಸೌಲಭ್ಯವಿದ್ದಲ್ಲಿ ಅದನ್ನು ಬಳಸಿಕೊಳ್ಳಬಹುದು. 2016ರಲ್ಲಿ ಆರಂಭವಾದ ಅಟಲ್ ನಾವೀನ್ಯತಾ ಮಿಷನ್ ಅಡಿಯಲ್ಲಿ ಆಯ್ಕೆಯಾದ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಟಿಂಕರಿಂಗ್ ಪ್ರಯೋಗಾಲಯಗಳಿರುತ್ತವೆ. ಬೆಂಜನಪದವಿನ ಕೆನರಾ ಇಂಜಿನಿಯರಿಂಗ್ ಕಾಲೇಜು, ಉಜಿರೆಯ ಎಸ್.ಡಿ.ಎಂ. ಪಾಲಿಟೆಕ್ನಿಕ್, ಮೂಡುಬಿದಿರೆಯ ಎಸ್.ಎನ್.ಎಂ. ಪಾಲಿಟೆಕ್ನಿಕ್ ಮುಂತಾದ ತಾಂತ್ರಿಕ ಸಂಸ್ಥೆಗಳ ವಿದ್ಯಾರ್ಥಿಗಳು ತಮ್ಮ ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು ಪ್ರಯೋಗಾಲಯದ ಬಳಕೆಯ ಬಗ್ಗೆ ವಿಚಾರಿಸಬಹುದು. ಹೊರಗಿನವರಿಗೆ ಪ್ರವೇಶ ನೀಡುವುದು ಆಯಾ ಸಂಸ್ಥೆಯ ವಿವೇಚನೆಗೆ ಬಿಟ್ಟ ವಿಷಯ.

ಹಂತ 5: ನಕ್ಷೆಯಲ್ಲಿರುವಂತೆಯೇ ಒಂದನ್ನು ಜೋಡಿಸುವುದು. ಮೊದಲ ಜೋಡಣೆಯಲ್ಲಿ ಯಾವ ಸುಧಾರಣೆಯನ್ನೂ ಮಾಡಬಾರದು. ನಿಗದಿತ ಬಿಡಿಭಾಗ ಸಿಗದೆ ಬದಲಿ ಭಾಗ ಬಳಸಿದಲ್ಲಿ ಅದನ್ನು ಬರೆದಿಡತಕ್ಕದ್ದು. ಯಾವ ಭಾಗ ಹತ್ತಿರದ ಪೇಟೆಯಲ್ಲಿ ಸಿಕ್ಕಿತು, ಯಾವುದನ್ನು ಹೊರಗಿನಿಂದ ತರಿಸಬೇಕಾಯಿತು ಎಂಬ ವಿವರವೂ ಯೋಜನೆಗೆ ಉಪಯುಕ್ತ.

ಹಂತ 6: ಪರೀಕ್ಷಿಸಿ ವರದಿ ಸಲ್ಲಿಸುವುದು. ಇದರ ವಿವರಗಳನ್ನು ಕೆಳಗೆ ನೀಡಲಾಗಿದೆ.

7. ಉದಾಹರಣೆ: ಮಳೆಮಾಪಕದ ಪರೀಕ್ಷೆ

ಸ್ವಯಂಚಾಲಿತ ಮಳೆಮಾಪಕದಲ್ಲಿ ಆಲಿಕೆಯ ಕೆಳಗೆ ತಕ್ಕಡಿಯಂತೆ ಓಲಾಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ಬಟ್ಟಲು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ಮಗುಚುವಿಕೆಯನ್ನು ಒಂದು ಅಯಸ್ಕಾಂತದ ಸ್ವಿಚ್ಚು ಎಣಿಸುತ್ತದೆ.

ಲೆಕ್ಕ ಹೀಗಿದೆ. 1 ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದಲ್ಲಿ 1 ಮಿ.ಮೀ. ಮಳೆಗೆ 20 ಮಿ.ಲೀ. ನೀರು ಬೀಳುತ್ತದೆ. ಒಂದು ಮಗುಚುವಿಕೆಯು 0.2 ಮಿ.ಮೀ. ಎಂದು ನಕ್ಷೆಯಲ್ಲಿದ್ದರೆ ಬಟ್ಟಲು 4 ಮಿ.ಲೀ.ಗೆ ಮಗುಚಬೇಕು. 400 ಮಿ.ಲೀ. ನೀರನ್ನು ಸಣ್ಣ ರಂಧ್ರದ ಬಾಟಲಿಯಿಂದ ಸುಮಾರು ಒಂದು ಗಂಟೆಯ ಕಾಲ ನಿಧಾನವಾಗಿ ಇಳಿಬಿಟ್ಟರೆ ಎಣಿಕೆಯು 100 ಆಗಬೇಕು.

ಪರೀಕ್ಷೆಯನ್ನು ಇಷ್ಟಕ್ಕೇ ನಿಲ್ಲಿಸಬಾರದು. ಅದೇ 400 ಮಿ.ಲೀ. ನೀರನ್ನು 15 ನಿಮಿಷಗಳಲ್ಲಿ ಇಳಿಬಿಟ್ಟು ಮತ್ತೊಮ್ಮೆ ಎಣಿಸತಕ್ಕದ್ದು. ಇದು ಗಂಟೆಗೆ 80 ಮಿ.ಮೀ. ಮಳೆಗೆ ಸಮ. ಬಟ್ಟಲು ಮಗುಚುತ್ತಿರುವ ಕ್ಷಣದಲ್ಲಿ ಬೀಳುವ ನೀರು ಎಣಿಕೆಗೆ ಸಿಗದೆ ಹೋಗುವುದರಿಂದ ಬಿರುಸಿನ ಮಳೆಯಲ್ಲಿ ಇಂತಹ ಮಾಪಕಗಳು ಕಡಿಮೆ ತೋರಿಸುವ ಪ್ರವೃತ್ತಿ ಹೊಂದಿವೆ. ನಿಧಾನ ಪರೀಕ್ಷೆಯಲ್ಲಿ 100 ಬಂದು ವೇಗದ ಪರೀಕ್ಷೆಯಲ್ಲಿ 92 ಬಂದಲ್ಲಿ, ಯಾವ ಮಳೆಯಲ್ಲಿ ಅಳತೆ ಸರಿಯಾಗಿರಬೇಕೋ ಆ ಮಳೆಯಲ್ಲಿಯೇ ಉಪಕರಣ ಶೇಕಡಾ 8ರಷ್ಟು ತಪ್ಪುತ್ತಿದೆ ಎಂದು ಅರ್ಥ. ಸಾಧಾರಣ ಮಳೆಯ ಪ್ರದೇಶದಲ್ಲಿ ರೂಪಿಸಿದ ಉಪಕರಣದ ಈ ಲೋಪವು ಅಲ್ಲಿಯವರ ಗಮನಕ್ಕೆ ಬಾರದೆ ಇರಬಹುದು. ಮಲೆನಾಡಿನ ತಪ್ಪಲಿನಲ್ಲಿ ವಾಸಿಸುವ ಸ್ವಯಂಸೇವಕರು ಒಂದೇ ಮಳೆಗಾಲದಲ್ಲಿ ಇದನ್ನು ಪತ್ತೆಹಚ್ಚಬಲ್ಲರು.

ಸ್ಥಳದ ಆಯ್ಕೆಯೂ ಮುಖ್ಯ. ಮಾಪಕದ ಬಾಯಿಯು ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಸಮತಲವಾಗಿರಬೇಕು. ಹತ್ತಿರದ ಮರ ಅಥವಾ ಕಟ್ಟಡದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿ ಅದನ್ನು ಇಡಬೇಕು. 15 ಮೀಟರ್ ಎತ್ತರದ ಅಡಿಕೆ ಮರವಿದ್ದಲ್ಲಿ 30 ಮೀಟರ್ ದೂರ ಬೇಕಾಗುವುದರಿಂದ ತೋಟದ ನಡುವೆ ಇಟ್ಟ ಮಾಪಕದ ಅಳತೆ ನಂಬಲರ್ಹವಾಗುವುದಿಲ್ಲ. ಸಿಮೆಂಟಿನ ಅಂಗಳದಲ್ಲಿ ಹನಿಗಳು ಸಿಡಿದು ಒಳಬೀಳುವ ಸಾಧ್ಯತೆ ಇರುವುದರಿಂದ ಅಂಗಳದ ಪಕ್ಕದ ಹುಲ್ಲುನೆಲ ಉತ್ತಮ. ಆಲಿಕೆಯಲ್ಲಿ ಕಸಕಡ್ಡಿ ಸಿಲುಕುವುದು, ಬಟ್ಟಲಿನ ಕೆಳಗೆ ಇರುವೆ ಗೂಡು ಕಟ್ಟುವುದು, ಸ್ವಿಚ್ಚಿನ ತಂತಿ ತೇವದಿಂದ ಕಿಲುಬುಗಟ್ಟುವುದು ಸಾಮಾನ್ಯ ತೊಂದರೆಗಳಾಗಿದ್ದು ವಾರಕ್ಕೊಮ್ಮೆ ತೆರೆದು ನೋಡತಕ್ಕದ್ದು.

ಮಳೆಗಾಲ ಪೂರ್ತಿ, ಸ್ವಯಂಚಾಲಿತ ಮಾಪಕದ ಪಕ್ಕದಲ್ಲಿ ಒಂದು ಸಾದಾ ಮಳೆಮಾಪಕವನ್ನು ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಎರಡರ ಅಳತೆಯನ್ನೂ ಬರೆಯುವುದು ಉತ್ತಮ ಕ್ರಮ. ಹವಾಮಾನ ಇಲಾಖೆಯು ದಿನದ ಮಳೆಯನ್ನು ಲೆಕ್ಕ ಹಾಕುವುದು ಇದೇ ವೇಳೆಗೆ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರೀ ಮಳೆ, 115.6ರಿಂದ 204.4 ಮಿ.ಮೀ. ಬಿದ್ದರೆ ಅತಿ ಭಾರೀ ಮಳೆ, ಅದಕ್ಕೂ ಮೀರಿದರೆ ಅತ್ಯಧಿಕ ಭಾರೀ ಮಳೆ ಎಂದು ಇಲಾಖೆ ವರ್ಗೀಕರಿಸುತ್ತದೆ. ಶೇಕಡಾ 8ರ ದೋಷವಿರುವ ಉಪಕರಣವು 120 ಮಿ.ಮೀ. ಮಳೆಯನ್ನು 110 ಎಂದು ತೋರಿಸಿ, ಅತಿ ಭಾರೀ ಮಳೆಯನ್ನು ಕೇವಲ ಭಾರೀ ಮಳೆಯಾಗಿಸಬಲ್ಲದು.

ಮಳೆಮಾಪಕದಲ್ಲಿ ಅನುಭವ ಪಡೆದವರು ಬಾವಿ ಅಥವಾ ತೋಡಿನ ನೀರಿನ ಮಟ್ಟ ಅಳೆಯುವ ಉಪಕರಣಕ್ಕೆ ಮುಂದುವರಿಯಬಹುದು. ಶಬ್ದತರಂಗದ ಪ್ರತಿಧ್ವನಿಯಿಂದ ದೂರ ಅಳೆಯುವ ಸಂವೇದಕಗಳನ್ನು ಇದಕ್ಕೆ ಬಳಸುತ್ತಾರೆ. ಗಾಳಿಯ ಉಷ್ಣಾಂಶ ಬದಲಾದಂತೆ ಶಬ್ದದ ವೇಗವೂ ಬದಲಾಗುತ್ತದೆ. ಉಷ್ಣಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಉಪಕರಣವು 10 ಡಿಗ್ರಿ ವ್ಯತ್ಯಾಸಕ್ಕೆ 4 ಮೀಟರ್ ದೂರದಲ್ಲಿ ಸುಮಾರು 7 ಸೆಂ.ಮೀ. ತಪ್ಪು ತೋರಿಸುತ್ತದೆ. ನೀರು ಏರದೆಯೇ ಏರಿದಂತೆ, ಏರಿದ್ದರೂ ಏರದಂತೆ ಕಾಣಲು ಇಷ್ಟು ಸಾಕು.

8. ದೋಷ ವರದಿ ಬರೆಯುವ ಕ್ರಮ

ಬಹುತೇಕ ಯೋಜನೆಗಳು ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಎಂಬ ಸಾರ್ವಜನಿಕ ಭಂಡಾರಗಳಲ್ಲಿ ತಮ್ಮ ಕಡತಗಳನ್ನು ಇರಿಸುತ್ತವೆ. ವರದಿಯನ್ನು ಅಲ್ಲಿಯೇ ಸಲ್ಲಿಸಬೇಕು. 'ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ಮಾತಿನಿಂದ ದೂರದಲ್ಲಿರುವ ವಿನ್ಯಾಸಕಾರರಿಗೆ ಪ್ರಯೋಜನವಾಗದು. ವರದಿಯು ಈ ಕೆಳಕಂಡ ಅಂಶಗಳನ್ನು ಒಳಗೊಂಡಿರತಕ್ಕದ್ದು:

(1) ಫಲಕದ ಮತ್ತು ತಂತ್ರಾಂಶದ ಆವೃತ್ತಿ ಸಂಖ್ಯೆ
(2) ವಿದ್ಯುತ್ ಮೂಲ: ಬ್ಯಾಟರಿ, ಸೌರಫಲಕ ಅಥವಾ ಅಡಾಪ್ಟರ್
(3) ಬಳಸಿದ ಬದಲಿ ಬಿಡಿಭಾಗಗಳು
(4) ಉಪಕರಣದಿಂದ ನಿರೀಕ್ಷಿಸಿದ್ದು ಏನು
(5) ವಾಸ್ತವವಾಗಿ ಆದದ್ದು ಏನು, ಎಷ್ಟು ಬಾರಿ
(6) ಸ್ಪಷ್ಟವಾದ ಛಾಯಾಚಿತ್ರ

ಮಾದರಿ: 'ಆವೃತ್ತಿ 2 ಫಲಕ. ಸೌರಫಲಕ ಮತ್ತು ಬ್ಯಾಟರಿಯಿಂದ ವಿದ್ಯುತ್. ಬದಲಿ ಭಾಗ ಬಳಸಿಲ್ಲ. 400 ಮಿ.ಲೀ. ನೀರನ್ನು 60 ನಿಮಿಷಗಳಲ್ಲಿ ಬಿಟ್ಟಾಗ ಮೂರು ಬಾರಿಯೂ 100 ಎಣಿಕೆ. 15 ನಿಮಿಷಗಳಲ್ಲಿ ಬಿಟ್ಟಾಗ 92, 91, 92. ಕೈಪಿಡಿಯಲ್ಲಿ ವೇಗದ ಮಳೆಗೆ ತಿದ್ದುಪಡಿ ಸೂಚಿಸಿಲ್ಲ. ಚಿತ್ರ ಲಗತ್ತಿಸಿದೆ.'

ಈ ವರದಿಯಲ್ಲಿ ಪರಿಹಾರ ಸೂಚಿಸಿಲ್ಲ. ಆದರೂ ಇದು ಪೂರ್ಣವಾದ ಕೊಡುಗೆ. ಇದನ್ನು ಓದಿದ ಯಾರು ಬೇಕಾದರೂ ಅದೇ ಪರೀಕ್ಷೆ ಮಾಡಿ ತಾಳೆ ನೋಡಬಹುದು. ಒಬ್ಬರ ಅಂಗಳದಲ್ಲಿ ಪತ್ತೆಯಾದ ತಪ್ಪು ಅದೇ ಉಪಕರಣ ಬಳಸುವ ಎಲ್ಲರಿಗಾಗಿ ತಿದ್ದಲ್ಪಡುವುದು ಮುಕ್ತ ನಕ್ಷೆಯ ನಿಜವಾದ ಲಾಭ. ವರದಿಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಸರಳವಾದ ಚಿಕ್ಕ ವಾಕ್ಯಗಳು ಸಾಕು.

9. ಪರವಾನಗಿಗಳು

ನಕ್ಷೆಯನ್ನು ಬದಲಾಯಿಸಿ ಹಂಚುವ ಮೊದಲು ಅದರ ಪರವಾನಗಿಯನ್ನು ಓದತಕ್ಕದ್ದು. ಸರ್ನ್ ಸಂಶೋಧನಾ ಕೇಂದ್ರವು 2011ರಲ್ಲಿ ಪ್ರಕಟಿಸಿದ ಮುಕ್ತ ಯಂತ್ರಾಂಶ ಪರವಾನಗಿಯು ಹೆಚ್ಚು ಬಳಕೆಯಲ್ಲಿದೆ. 2020ರ ಎರಡನೇ ಆವೃತ್ತಿಯಲ್ಲಿ ಇದರ ಮೂರು ರೂಪಗಳಿವೆ. ಮೊದಲನೆಯದರಲ್ಲಿ, ಬದಲಾಯಿಸಿದ ನಕ್ಷೆಯನ್ನೂ ಅದೇ ಷರತ್ತಿನಲ್ಲಿ ತೆರೆದಿಡುವುದು ಕಡ್ಡಾಯ. ಎರಡನೆಯದರಲ್ಲಿ, ಮೂಲ ಭಾಗಕ್ಕೆ ಮಾಡಿದ ಬದಲಾವಣೆಯನ್ನು ತೆರೆದಿಡಬೇಕು. ಅದನ್ನು ಒಳಗೊಂಡ ದೊಡ್ಡ ಉಪಕರಣಕ್ಕೆ ಈ ಕಡ್ಡಾಯ ಅನ್ವಯಿಸದು. ಮೂರನೆಯದರಲ್ಲಿ, ಮೂಲ ಕರ್ತೃವಿನ ಹೆಸರು ಹಾಗೂ ಸೂಚನೆಗಳನ್ನು ಉಳಿಸಿಕೊಂಡರೆ ಸಾಕು.

2012ರಲ್ಲಿ ಸ್ಥಾಪನೆಯಾದ ಮುಕ್ತ ಯಂತ್ರಾಂಶ ಸಂಘವು ಅರ್ಹ ಉಪಕರಣಗಳಿಗೆ ಶುಲ್ಕವಿಲ್ಲದೆ ಪ್ರಮಾಣೀಕರಣ ನೀಡುತ್ತದೆ. ಪ್ರತಿ ಉಪಕರಣಕ್ಕೆ ದೇಶದ ಸಂಕೇತಾಕ್ಷರದಿಂದ ಆರಂಭವಾಗುವ ಸಂಖ್ಯೆ ದೊರೆಯುತ್ತದೆ. ಈ ಪ್ರಮಾಣೀಕರಣವು ನಕ್ಷೆ ಮುಕ್ತವಾಗಿದೆ ಎಂಬುದಕ್ಕೆ ಮಾತ್ರ ಸಂಬಂಧಿಸಿದ್ದು, ಅಳತೆ ನಿಖರವಾಗಿದೆ ಎಂಬುದಕ್ಕೆ ಖಾತರಿಯಾಗುವುದಿಲ್ಲ.

10. ಸುರಕ್ಷತೆ ಮತ್ತು ಕಾನೂನು

ಅ) ಆರಂಭಿಕರು 5 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ವಿದ್ಯುತ್ತಿನ ಉಪಕರಣಗಳಿಗೆ ಸೀಮಿತಗೊಳ್ಳತಕ್ಕದ್ದು. ಪಂಪ್‌ಸೆಟ್ ಮುಂತಾದ 230 ಅಥವಾ 415 ವೋಲ್ಟ್ ಸಂಪರ್ಕಗಳ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.

ಆ) ಲಿಥಿಯಂ ಬ್ಯಾಟರಿಗಳಿಗೆ ನೇರವಾಗಿ ಬೆಸುಗೆ ಹಾಕಬಾರದು. ಉಬ್ಬಿದ ಅಥವಾ ನೀರು ಹೊಕ್ಕ ಬ್ಯಾಟರಿಯನ್ನು ಬಳಸಬಾರದು, ಮನೆಯ ಕಸದಲ್ಲಿ ಎಸೆಯಬಾರದು. ಬೆಸುಗೆಯ ಹೊಗೆಯನ್ನು ಉಸಿರಾಡದಂತೆ ಕಿಟಕಿ ತೆರೆದಿಟ್ಟು, ಕೆಲಸದ ನಂತರ ಕೈ ತೊಳೆದುಕೊಳ್ಳಬೇಕು.

ಇ) ಗುಡುಗು ಸಿಡಿಲಿನ ವೇಳೆಯಲ್ಲಿ ಹೊರಾಂಗಣದ ಉಪಕರಣವನ್ನು ಮುಟ್ಟಬಾರದು. ಎತ್ತರದ ಲೋಹದ ಕಂಬಕ್ಕೆ ಉಪಕರಣ ಕಟ್ಟಿ ಅದರ ತಂತಿಯನ್ನು ಮನೆಯೊಳಗೆ ತರಬಾರದು.

ಈ) ನೆರೆಯ ನೀರನ್ನು ಅಳೆಯಲು ಯಾರೂ ನದಿ ಅಥವಾ ತೋಡಿಗೆ ಇಳಿಯಬಾರದು. ಕೊಚ್ಚಿಹೋಗುತ್ತಿರುವ ಉಪಕರಣವನ್ನು ಉಳಿಸಿಕೊಳ್ಳಲು ಯತ್ನಿಸಬಾರದು.

ಉ) ಸೇತುವೆ, ಕಿಂಡಿ ಅಣೆಕಟ್ಟು ಅಥವಾ ವಿದ್ಯುತ್ ಕಂಬಗಳ ಮೇಲೆ ಸಂಬಂಧಪಟ್ಟ ಇಲಾಖೆ ಅಥವಾ ಮೆಸ್ಕಾಂನ ಲಿಖಿತ ಅನುಮತಿ ಇಲ್ಲದೆ ಏನನ್ನೂ ಅಳವಡಿಸಬಾರದು.

ಊ) ನಿಸ್ತಂತು ಸಂಪರ್ಕಕ್ಕೆ ಬಳಸುವ ಲೋರಾ ಘಟಕಗಳನ್ನು ಖರೀದಿಸುವಾಗ ಭಾರತದಲ್ಲಿ ಪರವಾನಗಿ ವಿನಾಯಿತಿ ಇರುವ 865–867 ಮೆಗಾಹರ್ಟ್ಸ್ ತರಂಗಾಂತರಕ್ಕೆ ಸೂಕ್ತವಾದುದನ್ನೇ ಆರಿಸಬೇಕು. ಅಮೆರಿಕದ ಬಳಕೆಗಾಗಿ ಇರುವ 915 ಮೆಗಾಹರ್ಟ್ಸ್ ಘಟಕಗಳನ್ನು ಇಲ್ಲಿ ಬಳಸಬಾರದು.

ಋ) ಸ್ವಯಂಸೇವಕರ ಉಪಕರಣದ ಅಳತೆಯು ಅಧಿಕೃತ ಎಚ್ಚರಿಕೆಯಲ್ಲ. ವಿಪತ್ತು ನಿರ್ವಹಣಾ ಅಧಿನಿಯಮ, 2005ರ 54ನೇ ಪ್ರಕರಣದಂತೆ, ವಿಪತ್ತಿನ ಬಗ್ಗೆ ಅಥವಾ ಅದರ ತೀವ್ರತೆಯ ಬಗ್ಗೆ ಸುಳ್ಳು ಎಚ್ಚರಿಕೆ ನೀಡಿ ಅಥವಾ ಹರಡಿ ಜನರಲ್ಲಿ ಗಾಬರಿ ಉಂಟುಮಾಡುವುದು 1 ವರ್ಷದವರೆಗಿನ ಕಾರಾವಾಸ ಅಥವಾ ಜುಲ್ಮಾನೆಗೆ ಗುರಿಯಾಗುವ ಅಪರಾಧ. ಪರೀಕ್ಷೆಗೆ ಒಳಪಡದ ಉಪಕರಣದ ಅಂಕಿಯನ್ನು ವಾಟ್ಸ್‌ಆಪ್ ಗುಂಪುಗಳಲ್ಲಿ ನೆರೆಯ ಮುನ್ಸೂಚನೆಯಾಗಿ ಹರಡಬಾರದು. 'ಅಪಾಯವಿಲ್ಲ' ಎಂದು ತೋರಿಸುವ ಅಂಕಿಯೂ ಅಷ್ಟೇ ಅಪಾಯಕಾರಿ. ಅದನ್ನು ನಂಬಿ ಯಾರೂ ಮನೆಯಲ್ಲಿ ಉಳಿಯಬಾರದು. ಅಧಿಕಾರಿಗಳು ಸ್ಥಳಾಂತರಕ್ಕೆ ಸೂಚಿಸಿದಲ್ಲಿ ತಕ್ಷಣ ಪಾಲಿಸತಕ್ಕದ್ದು. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ 112 ಸಂಖ್ಯೆಗೆ ಕರೆ ಮಾಡಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಯಂಸೇವಕರ ಕೆಲಸಕ್ಕೆ ಪ್ರಮಾಣಪತ್ರ ಅಥವಾ ಗೌರವಧನ ದೊರೆಯುವುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಆದರೆ ಸಲ್ಲಿಸಿದ ವರದಿ ಮತ್ತು ತಿದ್ದುಪಡಿಗಳು ಸ್ವಯಂಸೇವಕರ ಹೆಸರಿನಲ್ಲಿ ಸಾರ್ವಜನಿಕವಾಗಿ ಉಳಿಯುತ್ತವೆ. ಉದ್ಯೋಗ ಅಥವಾ ಉನ್ನತ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವಾಗ ಇವುಗಳನ್ನು ತೋರಿಸಬಹುದು.

ಪ್ರಶ್ನೆ: ಮುಕ್ತ ನಕ್ಷೆಯಿಂದ ತಯಾರಿಸಿದ ಉಪಕರಣವನ್ನು ಮಾರಬಹುದೇ?
ಉತ್ತರ: ಮಾರಬಹುದು. ಪರವಾನಗಿಯ ಷರತ್ತುಗಳನ್ನು ಪಾಲಿಸತಕ್ಕದ್ದು. ಮೂಲ ಯೋಜನೆಯ ಹೆಸರು ಹಾಗೂ ಮುದ್ರೆಗಳಿಗೆ ಪ್ರತ್ಯೇಕ ವ್ಯಾಪಾರ ಚಿಹ್ನೆಯ ರಕ್ಷಣೆ ಇರಬಹುದಾದುದರಿಂದ ಅನುಮತಿ ಇಲ್ಲದೆ ಅವುಗಳನ್ನು ಬಳಸಬಾರದು.

ಪ್ರಶ್ನೆ: ಕನ್ನಡ ಅನುವಾದಕ್ಕೆ ಯಾವ ಕ್ರಮ ಅನುಸರಿಸಬೇಕು?
ಉತ್ತರ: ಅಂಗಡಿಯಲ್ಲಿ ಕೇಳುವಾಗ ಬಳಸುವ ಹೆಸರುಗಳನ್ನೇ ಉಳಿಸಿಕೊಳ್ಳುವುದು ಸೂಕ್ತ. ರೆಸಿಸ್ಟರ್, ಕೆಪಾಸಿಟರ್ ಎಂಬ ಪದಗಳಿಗೆ ಹೊಸ ಪದ ರಚಿಸಿದರೆ ಖರೀದಿಸುವವರಿಗೆ ತೊಂದರೆಯಾಗುತ್ತದೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡುವವರೇ ಹೆಚ್ಚಾಗಿರುವ ಈ ಭಾಗದಲ್ಲಿ, ಬರೆದ ಸೂಚನೆಯನ್ನು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಅದರಂತೆ ಜೋಡಿಸಬಲ್ಲರೇ ಎಂದು ನೋಡುವುದು ಉತ್ತಮ ಪರೀಕ್ಷೆ.

ಪ್ರಶ್ನೆ: ಸ್ವಯಂಸೇವಕರ ಮಳೆ ದಾಖಲೆಯನ್ನು ಬೆಳೆ ವಿಮೆ ಅಥವಾ ಪರಿಹಾರದ ಅರ್ಜಿಗೆ ಆಧಾರವಾಗಿ ಸಲ್ಲಿಸಬಹುದೇ?
ಉತ್ತರ: ಇಂತಹ ಅರ್ಜಿಗಳಿಗೆ ಅಧಿಕೃತ ಕೇಂದ್ರಗಳ ಅಂಕಿ ಅಂಶ ಹಾಗೂ ಸಂಬಂಧಪಟ್ಟ ಅಧಿಕಾರಿಗಳ ಪರಿಶೀಲನಾ ವರದಿ ಅಗತ್ಯ. ಸ್ವಂತ ದಾಖಲೆಯು ಅವುಗಳಿಗೆ ಬದಲಿಯಾಗುವುದಿಲ್ಲ.

ಪ್ರಶ್ನೆ: ಕೆಲಸವನ್ನು ಅರ್ಧಕ್ಕೆ ಬಿಡಬೇಕಾಗಿ ಬಂದರೆ?
ಉತ್ತರ: ಯಾವ ನಿರ್ಬಂಧವೂ ಇಲ್ಲ. ಎಲ್ಲಿಯವರೆಗೆ ಆಗಿದೆ ಎಂಬುದನ್ನು ಬರೆದಿಟ್ಟು ಯೋಜನೆಗೆ ತಿಳಿಸಿದರೆ ಇನ್ನೊಬ್ಬರು ಮುಂದುವರಿಸಲು ಅನುಕೂಲವಾಗುತ್ತದೆ.

12. ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಸಿದ್ಧತೆ

ಈ ಭಾಗದಲ್ಲಿ ಮುಂಗಾರು ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ ಪ್ರವೇಶಿಸುವುದರಿಂದ ಯೋಜನೆಯ ಆಯ್ಕೆ ಮತ್ತು ಕಲಿಕೆಯನ್ನು ಬೇಸಿಗೆಯಲ್ಲಿಯೇ ಮುಗಿಸಿ, ಮೇ ತಿಂಗಳ ಒಳಗೆ ಮಾಪಕವನ್ನು ಜೋಡಿಸಿ ನಿಧಾನ ಮತ್ತು ವೇಗದ ಎರಡೂ ಪರೀಕ್ಷೆಗಳನ್ನು ಪೂರೈಸುವುದು ಸೂಕ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಾ ಮಾಪಕದೊಂದಿಗೆ ಪ್ರತಿದಿನ ತಾಳೆ ನೋಡಿ, ಅಕ್ಟೋಬರ್‌ನಲ್ಲಿ ಕ್ರೋಡೀಕೃತ ವರದಿಯನ್ನು ಯೋಜನೆಗೆ ಸಲ್ಲಿಸಬಹುದು. ಉಪಕರಣ ಕೆಟ್ಟು ನಿಂತ ದಿನಗಳನ್ನೂ ವರದಿಯಲ್ಲಿ ಮರೆಯದೆ ನಮೂದಿಸತಕ್ಕದ್ದು. ಆ ದಿನಗಳ ವಿವರದಿಂದಲೇ ಮುಂದಿನ ಆವೃತ್ತಿಯ ನಕ್ಷೆ ಸುಧಾರಿಸುತ್ತದೆ.